ಎರಡು ಬೆರಳಗಲ

ಮನೆಯಿಂದ,
ಹನ್ನೊಂದನೆಯ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ಪೂರ್ತಿ ಹೋಯಿತೋ, ಇಲ್ಲ ಫೋನಿನಲ್ಲಿ ನನಗೆ ಕೇಳಿಸಬಾರದೆಂದು ತಡೆದುಕೊಳ್ಳುತ್ತೀಯೋ? ಬೆಳಗಿನ ತಿಂಡಿ ಬಿಟ್ಟು ಆಫೀಸಿಗೆ ಓಡುವುದನ್ನು ನಿಲ್ಲಿಸಿದ್ದೇನೆ ಎಂದು ನೀನು ಹೇಳಿದ್ದನ್ನು ನಂಬುವಷ್ಟು ದಡ್ಡಿ ನಾನಲ್ಲ. ಇಡೀ ದಿನ ಬಗ್ಗಿಕೊಂಡು ಕಟ್ಟಡಗಳ ನಕ್ಷೆ ಬರೆಯುವವಳು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಬೇಕು, ಇಲ್ಲದಿದ್ದರೆ ನಲವತ್ತಕ್ಕೆಲ್ಲ ನನ್ನ ಹಾಗೆ ಸೊಂಟ ಹಿಡಿದುಕೊಂಡು ಕೂರುತ್ತೀಯ. ನನ್ನ ಮಂಡಿ ಮೊದಲಿನ ಹಾಗೇ ಇದೆ, ಹತ್ತುವಾಗ ಬೈಯುತ್ತದೆ, ಇಳಿಯುವಾಗ ಅಳುತ್ತದೆ. ನಿನ್ನ ಕಾಗದಗಳಿಗೆ ಯಾವಾಗಲೂ ಫೋನಿನಲ್ಲೇ ಉತ್ತರ ಕೊಡುವವಳು ಈ ಸಲ ಯಾಕೆ ಬರೆದಳು ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ನಾನು ನಿಮ್ಮಪ್ಪನ ಮಾತೆತ್ತಿದ ಕೂಡಲೇ ನಿನಗೆ ಯಾವುದೋ ಕೆಲಸ ನೆನಪಾಗುತ್ತದೆ. ಕಾಗದವನ್ನಾದರೆ ಕೋಪ ಬಂದಾಗ ಮಡಚಿಟ್ಟು, ಇಳಿದ ಮೇಲೆ ಮತ್ತೆ ಬಿಡಿಸಬಹುದು.

ವಿಷಯ ಇಷ್ಟು. ಮುಂದಿನ ತಿಂಗಳ ಮೊದಲ ವಾರ ನಾವಿಬ್ಬರೂ ನಿನ್ನ ಊರಿಗೆ ಬರುತ್ತಿದ್ದೇವೆ. ಮೂರು ದಿನ. ಮ್ಯೂಸಿಯಂಗಳನ್ನು ನೋಡುವುದು, ಹೆಸರಾದ ಕಟ್ಟಡಗಳನ್ನು ನೋಡುವುದು. ಓದಿ ನಗು ಬಂದಿರಬೇಕು. ಮದುವೆಯಾದ ಮೇಲೆ ಸುತ್ತಾಡಲು ಹೋಗೋಣವೆಂದರೆ ಚಿತ್ರಗಳಿಗೆ ಕಟ್ಟು ಹಾಕುವ ತಮ್ಮ ಅಂಗಡಿಯ ಕದ ಹಿಡಿದು ನಿಂತ ಮನುಷ್ಯ, ಈಗ ಹೊರಡೋಣ ಅನ್ನುತ್ತಿದ್ದಾರೆ. ಕಾರಣವನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನಿಮ್ಮಪ್ಪನ ಕಣ್ಣು ಹೋಗುತ್ತಿದೆ. ಕನ್ನಡಕ ಬದಲಿಸಿದರೆ ಸರಿಹೋಗುವಂಥದ್ದಲ್ಲ, ಆಪರೇಷನ್ ಮಾಡಿ ತೆಗೆಯುವ ಪೊರೆಯೂ ಅಲ್ಲ. ನೋಡುವುದೇನಾದರೂ ಇದ್ದರೆ ಇನ್ನು ಐದಾರು ತಿಂಗಳೊಳಗೆ ನೋಡಿಬಿಡಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಅಲ್ಲಿಂದ ಬಂದವರು ಅಂಗಡಿ ಮುಚ್ಚಿದರು. ಮೂರನೆಯ ದಿನ ಅಂಗಡಿಯ ಬೀಗದ ಕೈಯನ್ನು ನನ್ನ ಮುಂದಿಟ್ಟು, "ಮೂವತ್ತೆಂಟು ವರ್ಷ ಬರೀ ನಕಲಿಗೇ ಕಟ್ಟು ಹಾಕ್ದೆ. ಒಂದ್ಸಲ ಅಸಲು ನೋಡ್ಬೇಕು ಕಣೇ" ಅಂದರು. ನಾನು ಒಳಗೆ ಹೋಗಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತೆ.

ಈಗ ಮನೆಯಲ್ಲಿ ಪ್ರವಾಸದ್ದೇ ಗಲಾಟೆ. ಚಿತ್ರದ ಸುತ್ತ ಇಡುತ್ತೇವಲ್ಲ, ಆ ದಪ್ಪ ಬಿಳಿ ರಟ್ಟು, ಅದರ ಮೇಲೆ ನಿನ್ನ ಊರಿನ ನಕ್ಷೆ ಅಂಟಿಸಿ, ಗುಂಡುಪಿನ್ನು ಚುಚ್ಚಿ ದಾರ ಎಳೆದಿದ್ದಾರೆ. ಪಿನ್ನು ಚುಚ್ಚಿದ್ದು ನಾನು, ಗದರಿದ್ದು ಅವರು. ಮೊದಲ ದಿನ ಹಳೆಯ ಮ್ಯೂಸಿಯಂ. ಅಲ್ಲಿ ಬಿಳಿ ಕುದುರೆಯ ಪಕ್ಕ ನಿಂತ ಹೆಂಗಸಿನ ಚಿತ್ರ ಇದೆಯಲ್ಲ, ಅದರ ನಕಲಿಗೆ ನಮ್ಮ ಅಂಗಡಿಯಲ್ಲಿ ಕಡಿಮೆಯೆಂದರೂ ಇನ್ನೂರು ಕಟ್ಟು ಹಾಕಿರಬೇಕು. ಹಲ್ಲಿನ ಡಾಕ್ಟರಿಂದ ಹಿಡಿದು ಕ್ಷೌರದಂಗಡಿಯವರೆಗೆ ಎಲ್ಲರಿಗೂ ಅದೇ ಬೇಕು. ಮ್ಯೂಸಿಯಂಗೆ ಫೋನ್ ಮಾಡಿ ಅದರ ಅಳತೆ ಕೇಳಿದರು. ಇಡೀ ಗೋಡೆಯಷ್ಟು ದೊಡ್ಡದಂತೆ. "ಅಷ್ಟು ದೊಡ್ಡದನ್ನ ಮೊಳದುದ್ದ ಮಾಡಿ ನೇತುಹಾಕ್ಸಿಬಿಟ್ನಲ್ಲ" ಎಂದು ಒಂದು ಹೊತ್ತು ಊಟ ಸೇರಲಿಲ್ಲ. ಮಾರನೆಯ ದಿನ ಮತ್ತೆ ಫೋನ್ ಮಾಡಿ, ಕಟ್ಟಿನ ಮೂಲೆ ಕೂಡಿಸಿದ್ದು ಯಾರು, ಹಿಂಭಾಗ ನೋಡಲು ಬಿಡುತ್ತೀರಾ ಎಂದು ಕೇಳಿದರಂತೆ, ಆ ಕಡೆಯ ಹುಡುಗಿ ಫೋನ್ ಇಟ್ಟುಬಿಟ್ಟಳು. ಚಿತ್ರವನ್ನು ಲೋಕ ನೋಡಲಿ, ನಾನು ಮೂಲೆ ನೋಡುತ್ತೇನೆ ಅನ್ನುತ್ತಾರೆ.

ಎರಡನೆಯ ದಿನ ದೊಡ್ಡ ಗ್ರಂಥಾಲಯದ ಸುತ್ತು ಮೆಟ್ಟಿಲು, ಅಲ್ಲಿಂದ ಹಳೆಯ ರೈಲು ನಿಲ್ದಾಣದ ಕಬ್ಬಿಣದ ಛಾವಣಿ. ಮೂರನೆಯ ದಿನ ನದಿಯ ಪಕ್ಕದ ಹೊಸ ಗಾಜಿನ ಮ್ಯೂಸಿಯಂ, ಸಂಜೆ ನಾಲ್ಕಕ್ಕೆ ಸರಿಯಾಗಿ, ಯಾಕೆಂದರೆ ಆ ಹೊತ್ತಿಗೆ ನೆಲದ ಮೇಲೆ ನೀರಿನ ಬೆಳಕು ಆಡುತ್ತದೆ. ಇದೆಲ್ಲ ಇವರಿಗೆ ಹೇಗೆ ಗೊತ್ತು ಎಂದು ನೀನು ಯೋಚಿಸುತ್ತಿರಬೇಕು. ನಿನ್ನ ಕಾಗದಗಳಿಂದ, ಇನ್ನೆಲ್ಲಿಂದ? ನೀನು ನನಗೆ ಬರೆಯುತ್ತೀಯ, ನಾನು ಗಟ್ಟಿಯಾಗಿ ಓದುತ್ತೇನೆ, ಅವರು ಅತ್ತ ತಿರುಗಿ ಮೊಳೆಯ ಡಬ್ಬಿ ಹುಡುಕುತ್ತಾರೆ. ಆರು ವರ್ಷದಿಂದ ಅದೇ ಡಬ್ಬಿಯನ್ನು ಹುಡುಕುತ್ತಿದ್ದಾರೆ. ಆ ಮೆಟ್ಟಿಲಿಗೆ ನಡುವೆ ಕಂಬವೇ ಇಲ್ಲ, ಒಂದರ ತೂಕವನ್ನು ಇನ್ನೊಂದು ಹೊತ್ತಿದೆ ಎಂದು ನೀನು ಯಾವತ್ತೋ ಬರೆದದ್ದು ನನಗೆ ಮರೆತೇಹೋಗಿತ್ತು, ಅವರಿಗೆ ಬಾಯಿಪಾಠವಾಗಿದೆ. ಮೂರು ದಿನದ ಪಟ್ಟಿಯಲ್ಲಿ ನೀನು ಬರೆಯದ ಜಾಗ ಒಂದೂ ಇಲ್ಲ. ನಾನು ಒಂದೊಂದನ್ನೂ ನಿನ್ನ ಕಾಗದಗಳ ಜೊತೆ ಇಟ್ಟು ನೋಡಿದೆ.

ಆರು ವರ್ಷದ ಹಿಂದಿನ ಮಾತೆತ್ತದೆ ಈ ಕಾಗದ ಮುಂದಕ್ಕೆ ಹೋಗುವುದಿಲ್ಲ. ಎತ್ತುತ್ತೇನೆ, ಬೈದುಕೊಂಡೇ ಓದು. ನೀನು ನಮ್ಮ ಅಂಗಡಿಯ ಒಳಗನ್ನು ಚಿತ್ರ ಮಾಡಿದ್ದೆ. ಮೇಜಿನ ಮೇಲೆ ಬಗ್ಗಿದ ಅಪ್ಪ, ಗರಗಸ, ಮರದ ಪುಡಿ, ಬಲಗಡೆಯ ಅಂಚಿನಲ್ಲಿ ಗಾಜಿನ ಹಾಳೆ ನೀಡುತ್ತಿರುವ ನಾಲ್ಕು ಬೆರಳು, ಅಷ್ಟೇ ನಾನು. ಪ್ರದರ್ಶನಕ್ಕೆ ಆಯ್ಕೆಯಾಯಿತೆಂದು ಕುಣಿದಾಡಿಕೊಂಡು ಬಂದು ಕಟ್ಟು ಹಾಕಲು ಅಪ್ಪನ ಕೈಗೆ ಕೊಟ್ಟೆ. ಅವರು ಯಾರೆಷ್ಟು ಕೇಳಿದರೂ ಮಾರದೆ, ಹಳೆಯ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದ ಕರಿಮರದ ಪಟ್ಟಿಯನ್ನು ಇಳಿಸಿದರು. ನಿನ್ನ ಹೆಸರಿನಲ್ಲಿ ಎತ್ತಿಟ್ಟದ್ದು ಅದು. ಕೊಯ್ದು ನೋಡಿದರೆ ಚಿತ್ರದ ಅಗಲಕ್ಕೆ ಎರಡು ಬೆರಳು ಸಾಲದು. ತುಂಡಿಗೆ ತುಂಡು ಕೂಡಿಸಿ ಕಟ್ಟು ಹಾಕುವುದೆಂದರೆ ಅವರಿಗೆ ಜೀವ ಹೋದ ಹಾಗೆ, ಅದು ನಿನಗೂ ಗೊತ್ತು. ಹಾಗಾಗಿ ಚಿತ್ರವನ್ನೇ ಎರಡು ಬೆರಳಗಲ ಕತ್ತರಿಸಿದರು. ನಮ್ಮ ಕಸುಬಿನಲ್ಲಿ ಅಂಚು ಕತ್ತರಿಸುವುದು ಉಗುರು ಕತ್ತರಿಸಿದ ಹಾಗೆ. ಕ್ಯಾಲೆಂಡರಿನ ಚಿತ್ರಕ್ಕೂ ಮದುವೆಯ ಫೋಟೋಗೂ ದಿನಾ ಮಾಡುವುದೇ ಅದು. ಮುಖ ಇದೆಯೇ, ನಡುವಿನದು ಸರಿಯಾಗಿದೆಯೇ ಎಂದಷ್ಟೇ ನೋಡಿದರು, ಅಂಚಿನಲ್ಲಿರುವುದು ಹೆಂಡತಿ ಎಂದು ಅವರಿಗೆ ಹೊಳೆಯಲೇ ಇಲ್ಲ.

"ಅಪ್ಪಾ, ಅಮ್ಮನ್ನ ಎಲ್ಲಿ ಹಾಕಿದ್ರಿ?" ಅಂದೆ ನೀನು. ನಿನ್ನ ದನಿ ಈಗಲೂ ನನ್ನ ಕಿವಿಯಲ್ಲಿದೆ. ಅವರು ಆಗ ಏನೂ ಹೇಳದಿದ್ದರೆ ಎಷ್ಟೋ ಚೆನ್ನಾಗಿತ್ತು. "ಎರಡು ಬೆರಳಗಲ ತಾನೇ? ಕಟ್ಟು ನೋಡು, ಹೇಗೆ ಕೂತಿದೆ" ಅಂದುಬಿಟ್ಟರು. ನೀನು ಚಿತ್ರವನ್ನು ಅಲ್ಲೇ ಬಿಟ್ಟು ಮಾರನೆಯ ದಿನದ ರೈಲು ಹತ್ತಿದೆ. ಕೈ ನನ್ನದು, ನಾನು ಅದೇ ಕೈಯಲ್ಲಿ ಆವತ್ತೇ ಅವರಿಗೆ ಅನ್ನ ಬಡಿಸಿದೆ. ನನಗೆ ನೋವಾಗಲಿಲ್ಲ ಎಂದಲ್ಲ, ಆಯಿತು. ಆದರೆ ನಿಮ್ಮಿಬ್ಬರ ಮೂಗಿನ ತುದಿಯ ಕೋಪದ ನಡುವೆ ನನ್ನ ನೋವಿಗೆ ಕೂರಲು ಜಾಗ ಎಲ್ಲಿತ್ತು ಹೇಳು. ತಪ್ಪಾಯಿತು ಅನ್ನುವ ಮಾತು ಅವರ ಬಾಯಲ್ಲಿ ಹುಟ್ಟುವುದಿಲ್ಲ. ಆದರೆ ಆವತ್ತಿನಿಂದ ಅಂಗಡಿ ಮುಚ್ಚುವವರೆಗೆ ಯಾರ ಚಿತ್ರದ ಅಂಚಿಗೂ ಕತ್ತಿ ತಾಗಿಸಲಿಲ್ಲ. ಅಗಲ ಸಾಲದಿದ್ದರೆ ಬೇರೆ ಅಂಗಡಿಗೆ ಹೋಗಿ ಎಂದು ಗಿರಾಕಿಯನ್ನೇ ಕಳಿಸುತ್ತಿದ್ದರು. ಅದನ್ನು ನಿನಗೆ ಹೇಳಬೇಕೆಂದು ಎಷ್ಟು ಸಲ ಫೋನ್ ಎತ್ತಿದೆನೋ, ಪ್ರತಿ ಸಲವೂ ನಿನಗೆ ಮೀಟಿಂಗು.

ನೀನು ಒಮ್ಮೆಯೂ ತಗ್ಗಲಿಲ್ಲ ಎಂದು ನಾನು ಹೇಳುವುದಿಲ್ಲ. ಎರಡು ವರ್ಷದ ಹಿಂದೆ ನನ್ನ ಹೊಟ್ಟೆಯ ಆಪರೇಷನ್ ಆದಾಗ ಬಂದೆ, ನೀನಾಗಿಯೇ ಅವರ ಎದುರಿನ ಕುರ್ಚಿಯಲ್ಲಿ ಕೂತು "ಹೇಗಿದ್ದೀರಪ್ಪಾ?" ಅಂದೆ. ನಾಲ್ಕು ವರ್ಷದ ಮೇಲೆ ಆಡಿದ ಮೊದಲ ಮಾತು. ಅವರು "ಹ್ಞೂಂ, ಇದ್ದೀನಿ" ಅಂದು ನಿನ್ನ ಪಕ್ಕದ ಕಿಟಕಿಯನ್ನೇ ನೋಡುತ್ತಾ ಕೂತರು. ನೀನು ಆಫೀಸಿನ ವಿಷಯ ಹೇಳಿದರೂ ಕಿಟಕಿ, ಟೀ ಕೊಟ್ಟರೂ ಕಿಟಕಿ. ಸಂಜೆ ಚೀಲ ಹಿಡಿದು ಹೊರಟವಳು ಬಾಗಿಲಲ್ಲಿ, "ನಾನಾಗೇ ಬಂದೆನಮ್ಮಾ. ಅವರು ನನ್ನ ಮುಖ ಕೂಡ ನೋಡ್ಲಿಲ್ಲ" ಅಂದೆ. ನೀನು ಹೋದ ಮೇಲೆ ಅವರನ್ನು ಕಲ್ಲು ಅಂದೆ, ಮನುಷ್ಯನೇ ಅಲ್ಲ ಅಂದೆ, ಒಂದು ತಿಂಗಳು ಮಾತು ಬಿಟ್ಟೆ. ಅವರು ತಟ್ಟೆ ತಾವೇ ಹಾಕಿಕೊಂಡು ಉಂಡು ಏಳುತ್ತಿದ್ದರು.

ಈಗ ನನ್ನ ಬೇಡಿಕೆ. ಆ ಮೂರು ದಿನ ನಮ್ಮ ಜೊತೆ ಇರು. ಮೂರಾಗದಿದ್ದರೆ ಒಂದು, ಒಂದಾಗದಿದ್ದರೆ ಅರ್ಧ. ಮಂಡಿ ನೋವಿನವಳು ಕಣ್ಣು ಕಾಣದವರ ಕೈ ಹಿಡಿದು ಆ ಸುತ್ತು ಮೆಟ್ಟಿಲು ಹತ್ತುವುದನ್ನು ನೆನೆಸಿಕೋ, ಇಬ್ಬರೂ ಒಟ್ಟಿಗೆ ಉರುಳುತ್ತೇವೆ. ಅದೂ ಅಲ್ಲದೆ ಚಿತ್ರದಲ್ಲಿ ಏನಿದೆ ಎಂದು ಅವರು ಕೇಳಿದರೆ ನಾನು ಕುದುರೆ ಇದೆ, ಹೆಂಗಸಿದ್ದಾಳೆ ಅಂದೇನು, ಅದಕ್ಕಿಂತ ಹೆಚ್ಚು ಹೇಳಲು ನನಗೆ ಬರುತ್ತದೆಯೇ? ಹೇಳಬಲ್ಲವಳು ನೀನು. ನಿನಗೆ ಬರೆಯಲೇ ಎಂದು ಕೇಳಿದ್ದಕ್ಕೆ "ಬೇಡ, ಅವಳಿಗೆ ಕೆಲಸ ಇರತ್ತೆ" ಅಂದರು. ಆದರೆ ಬೆಳಿಗ್ಗೆ ಎದ್ದು ನೋಡಿದರೆ ಮೇಜಿನ ಮೇಲೆ ಅಂಚೆಚೀಟಿ ಅಂಟಿಸಿದ ಲಕೋಟೆ ಇತ್ತು, ಚೀಟಿ ತಲೆಕೆಳಗಾಗಿತ್ತು. ಈ ಕಾಗದ ಅದರಲ್ಲೇ ಬರುತ್ತಿದೆ. ಅವರಿಗಾಗಿ ಬರಬೇಡ, ನನಗಾಗಿ ಬಾ ಎಂದು ಬರೆಯಬೇಕೆಂದಿದ್ದೆ. ಬರೆಯುವುದಿಲ್ಲ. ಅವರಿಗಾಗಿಯೇ ಬಾ. ಈ ಆರು ವರ್ಷದಲ್ಲಿ ನಾನು ನಿನ್ನಿಂದ ಬಾಯಿಬಿಟ್ಟು ಏನನ್ನೂ ಕೇಳಿಲ್ಲ.

ಹೊತ್ತಿಗೆ ಸರಿಯಾಗಿ ತಿನ್ನು, ನಿದ್ದೆಗೆಡಬೇಡ. ನಿನ್ನ ಕೋಣೆಯ ಜೊತೆಗಾತಿಗೆ ನನ್ನ ನೆನಪು ಹೇಳು, ಅವಳ ತಾಯಿ ಈಗ ಹೇಗಿದ್ದಾರೆ ಕೇಳಿದೆನೆಂದು ತಿಳಿಸು. ಎಲ್ಲಿದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಕೈಯ ಕೆಲಸಕ್ಕೆ ಒಳ್ಳೆಯ ಹೆಸರು ಬರಲಿ.

ನಿನ್ನನ್ನೇ ನೆನೆಯುತ್ತಿರುವ
ಅಮ್ಮ

ಮತ್ತೆ: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಅಂಚೆಯವನು ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಈ ಕಾಯಿಲೆಯಲ್ಲಿ ಮೊದಲು ಹೋಗುವುದು ನೋಟದ ನಡುಭಾಗವಂತೆ. ನೇರವಾಗಿ ನೋಡಿದರೆ ಅಲ್ಲಿ ಬರೀ ಬೂದು ಬಣ್ಣ, ಅಕ್ಕಪಕ್ಕದ್ದು ಮಾತ್ರ ಕಾಣುತ್ತದೆ. ಎದುರಿಗೆ ಕೂತವರ ಮುಖ ಕಾಣಬೇಕೆಂದರೆ ಮುಖ ಬಿಟ್ಟು ಪಕ್ಕಕ್ಕೆ ನೋಡಬೇಕು. ಶುರುವಾಗಿ ಮೂರು ವರ್ಷವಾದರೂ ಆಗಿರಬೇಕು, ಯಾರಿಗೂ ಹೇಳದೆ ಮುಚ್ಚಿಟ್ಟಿದ್ದಾರೆ ಎಂದರು ಡಾಕ್ಟರು. ಮೂರು ವರ್ಷ, ಮಗಳೇ. ನಿನ್ನೆ ಧೈರ್ಯ ಮಾಡಿ ಕೇಳಿದೆ, ಅವಳು ಬಂದ ದಿನ ಕಿಟಕಿಯಲ್ಲಿ ಏನು ನೋಡ್ತಾ ಇದ್ರಿ ಎಂದು. "ಕಿಟಕಿ ಯಾರು ನೋಡಿದ್ರು? ಅವಳನ್ನೇ ನೋಡ್ತಿದ್ದೆ. ಕೂದಲು ಗಿಡ್ಡ ಮಾಡಿಸ್ಕೊಂಡಿದ್ಲು. ಎಡಗಡೆ ಹುಬ್ಬಿನ ಮೇಲೆ ಹೊಲಿಗೆ ಹಾಕಿದ ಗುರುತಿತ್ತು. ಏನಾಯ್ತು ಅಂತ ಕೇಳೋಷ್ಟರಲ್ಲಿ ಎದ್ದುಹೋದ್ಲು" ಅಂದರು. ಆ ಗಾಯ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದು ಹೇಗಾಯಿತೆಂದು ಬಂದು ಅವರಿಗೆ ಹೇಳು.