ಬಿಟ್ಟಿ ರಾಶಿಗೆ ಹೋದ ನಮ್ಮ ವಾರ್ಡಿನ ಚುನಾವಣೆ

ಮಾನ್ಯ ಚುನಾವಣಾಧಿಕಾರಿಗಳೇ,

ಮೊನ್ನೆ ನಮ್ಮೂರ ಪಂಚಾಯಿತಿ ಕಟ್ಟೆಯ ಮೇಲೆ ನಡೆದ ಮತದಾರರ ಜಾಗೃತಿ ಸಭೆಯಲ್ಲಿ ತಾವು ನಮ್ಮ ವಾರ್ಡನ್ನು ಹೊಗಳಿದಿರಿ. ಕಳೆದ ಸಲ ಜಗಳವಿಲ್ಲದೆ, ಒಮ್ಮತದಿಂದ, ಅವಿರೋಧವಾಗಿ ಸದಸ್ಯರನ್ನು ಆರಿಸಿದ ವಾರ್ಡು ಇದು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನವರು ಇವರನ್ನು ನೋಡಿ ಕಲಿಯಬೇಕು ಎಂದಿರಿ. ಅದೇ ಭಾಷಣದಲ್ಲಿ, ಬಡವರಿಗೆ ಹೊಟ್ಟೆಯ ಚಿಂತೆಯೇ ದೊಡ್ಡದು, ಪ್ರಜಾಪ್ರಭುತ್ವದ ಚಿಂತೆ ಉಂಡವರದು ಎಂದು ನಿಟ್ಟುಸಿರನ್ನೂ ಬಿಟ್ಟಿರಿ. ಹೊಗಳಿಕೆ, ನಿಟ್ಟುಸಿರು ಎರಡನ್ನೂ ದಯವಿಟ್ಟು ವಾಪಸು ತೆಗೆದುಕೊಳ್ಳಿ. ಆ ಒಮ್ಮತಕ್ಕಾಗಿ ನಾಮಪತ್ರ ಹಿಂತೆಗೆದುಕೊಂಡವಳು ನಾನೇ.

ಆಗ ತಾವು ಕಾರಣ ಕೇಳಲಿಲ್ಲ, ಆದ್ದರಿಂದ ಈಗ ಊರೆಲ್ಲ ಓದುವಂತೆ ಹೇಳುತ್ತೇನೆ. ನಮ್ಮ ವಾರ್ಡಿನ ಹೆಂಗಸರಿಗೆ ಉದ್ಯೋಗ ಖಾತ್ರಿಯ ಕೆಲಸ ಸಿಗುತ್ತಿರಲಿಲ್ಲ. ಹೆಸರು ನಮ್ಮದು, ಹೊಂಡ ತೋಡುವುದು ಜೆಸಿಬಿ. ಇದನ್ನು ಕೇಳಬೇಕೆಂದೇ ನಾನು ಚುನಾವಣೆಗೆ ನಿಂತೆ. ಪಕ್ಕದ ಮನೆಯ ಸುಂದರಬಾಯಿ ನನ್ನ ಸೂಚಕಿ. ಎದುರಿಗೆ ನಿಂತವನು ಶಾಂತಕುಮಾರ. ಜೆಸಿಬಿ ಅವನದು. ತೊಗರಿ ರಾಶಿ ಮಾಡುವ, ಅಂದರೆ ಗಿಡ ಬಡಿದು ಕಾಳು ಬಿಡಿಸುವ ಮಷಿನ್ ಊರಿಗೆಲ್ಲ ಒಂದೇ, ಅದೂ ಅವನದು. ತೊಗರಿ ಕೊಯ್ದು ಬಣವೆ ಹಾಕಿದ ಮೇಲೆ ನಾವು ಮುಗಿಲು ನೋಡುತ್ತ, ಮಷಿನ್ನಿನ ದಾರಿ ಕಾಯುತ್ತ ಕೂರುವ ಜನ. ಚುನಾವಣೆ ಬಂದದ್ದೂ ಸರಿಯಾಗಿ ಆಗಲೇ. ಶಾಂತಕುಮಾರ ಸಭ್ಯಸ್ಥ, ಹೆಂಡ ಹಂಚಲಿಲ್ಲ, ಸೀರೆ ಹಂಚಲಿಲ್ಲ. ವಾರ್ಡು ಅವಿರೋಧವಾದರೆ ಎಲ್ಲರ ರಾಶಿಯನ್ನೂ ಬಿಟ್ಟಿ ಮಾಡಿಕೊಡುತ್ತೇನೆ, ಚುನಾವಣೆ ನಡೆದರೆ ಮಷಿನ್ ಗೊಬ್ಬೂರ ಕಡೆ ಹೋಗುತ್ತದೆ ಎಂದಷ್ಟೇ ಹೇಳಿದ.

ಹಿಂತೆಗೆತದ ಹಿಂದಿನ ದಿನ ಮೋಡ ಕಟ್ಟಿತು. ಸುಂದರಬಾಯಿ ಬಂದು ನನ್ನ ಬಾಗಿಲಲ್ಲೇ ನಿಂತಳು. “ಅಕ್ಕಾ, ನಿನಗ ಸೈನ್ ಮಾಡಿದಾಕಿ ನಾನೇ, ಇಲ್ಲನ್ನಂಗಿಲ್ಲ. ಆದ್ರ ನಾಳಿ ತೊಗರಿ ತೊಯ್ದ್ರ ನಿನ್ನ ವೋಟು ಕುದಿಸಿ ಉಣ್ಣಾಕ ಬರ್ತದೇನು?” ಅಂದಳು. ನನ್ನ ಗಂಡ ಬುರಾನುದ್ದೀನ ತಲೆ ಎತ್ತದೆ, “ಸುಂದರಬಾಯಿ, ನೀ ಖರೇ ಹೇಳಾಕತ್ತಿ” ಅಂದರು. ಮರುದಿನ ತಮ್ಮ ಮೇಜಿನ ಮುಂದೆ ಸಹಿ ಹಾಕಿದೆ. ತಾವು ಚಹಾ ತರಿಸಿದಿರಿ. “ಚಲೋ ಕೆಲಸ ಮಾಡಿದ್ರಿ ಅಮ್ಮಾ, ಊರಾಗ ಶಾಂತಿ ಇರಬೇಕ್ರಿ” ಅಂದಿರಿ. ಆ ಕ್ಷಣ ತಮ್ಮ ಮೇಲೆ ಹುಟ್ಟಿದ ಅಸಹ್ಯ ಇವತ್ತಿಗೂ ಇಳಿದಿಲ್ಲ.

ಸುಳ್ಳು ಹೇಳಬಾರದು, ಶಾಂತಕುಮಾರ ಮಾತು ಉಳಿಸಿಕೊಂಡ. ರಾಶಿಯಾಯಿತು, ನಮ್ಮದೂ ಆಯಿತು. ತಾವು ಬಂದು ಅವನಿಗೆ ಶಾಲು ಹೊದಿಸಿದಿರಿ. ಬೇಸಿಗೆಯಲ್ಲಿ ಅವನ ಜೆಸಿಬಿ ಮತ್ತೆ ನಮ್ಮ ಹೆಸರಿನಲ್ಲಿ ಹೊಂಡ ತೋಡಿತು. ಸುಂದರಬಾಯಿ ಕೆಲಸ ಕೇಳಲು ಹೋದಳು, ಜೊತೆಗೆ ನಾನೂ ಇದ್ದೆ. ಅವನು ಸಿಟ್ಟಾಗಲಿಲ್ಲ, ಮಕ್ಕಳಿಗೆ ತಿಳಿಹೇಳುವ ಹಾಗೆ ಹೇಳಿದ: “ನೀ ನನಗ ವೋಟ ಹಾಕಿಲ್ಲ, ನಾ ಕೇಳಿಯೂ ಇಲ್ಲ. ರಾಶಿ ಮಾಡಿಕೊಟ್ಟೇನಿ, ಅಲ್ಲಿಗೆ ಮುಗೀತು. ಈಗ ಯಾವ ಹಕ್ಕಿನ ಮ್ಯಾಲ ಕೇಳಾಕತ್ತಿಬೇ?” ಇಬ್ಬರೂ ಬಂದ ದಾರಿ ಹಿಡಿದು ಮನೆಗೆ ತಿರುಗಿದೆವು. ಆ ಐದು ವರ್ಷವೂ ಅವಳು ಬೇಸಿಗೆ ಬಂದರೆ ಮನೆಗೆ ಬೀಗ ಹಾಕಿ ದುಡಿಯಲು ಮಹಾರಾಷ್ಟ್ರಕ್ಕೆ ಹೋದಳು.

ಈಗ ಹೇಳಿ ಸ್ವಾಮಿ, ಹೊಟ್ಟೆಯನ್ನು ಆರಿಸಿದ ಸುಂದರಬಾಯಿಗೆ ಹೊಟ್ಟೆಯಾದರೂ ದಕ್ಕಿತೇ? ಕೂಲಿ ಕೇಳಲು ಅವಳ ಕೈಯಲ್ಲಿದ್ದದ್ದು ಆ ಒಂದು ವೋಟು. ಒಂದು ದಿನದ ರಾಶಿಗೆ ಅದೂ ಹೋಯಿತು. ಬಡವರು ರೊಟ್ಟಿಯನ್ನೂ ಪ್ರಜಾಪ್ರಭುತ್ವವನ್ನೂ ತಕ್ಕಡಿಗೆ ಹಾಕಿ ತೂಗುತ್ತಾರೆ ಎಂದು ತಾವು ಮರುಗುತ್ತೀರಿ. ತಕ್ಕಡಿ ಯಾರ ಕೈಯಲ್ಲಿತ್ತು ಎಂದು ಒಮ್ಮೆಯಾದರೂ ನೋಡಿದಿರಾ? ನೋಡಿದಿರಿ, ಶಾಲು ಹೊದಿಸಿದ್ದು ಅವನಿಗೇ ಅಲ್ಲವೇ. ಉಂಡವರು ಮತದಾನದ ದಿನ ಮನೆಯಲ್ಲಿ ಮಲಗಿದರೆ ಅವರ ಮುಂದೆ ಕೈ ಮುಗಿಯುತ್ತೀರಿ. ನಮಗೆ ಮಾತ್ರ ಮತಪೆಟ್ಟಿಗೆಯನ್ನೇ ತರದೆ, ಬುದ್ಧಿ ಹೇಳಿ ಹೋಗುತ್ತೀರಿ.

ಚುನಾವಣೆ ಮತ್ತೆ ಬಂದಿದೆ. ತೊಗರಿಯೂ ಬಣವೆಗೆ ಬಂದಿದೆ. ಶಾಂತಕುಮಾರ ಮಷಿನ್ ತೊಳೆಸಿ, ಎಲ್ಲರಿಗೂ ಕಾಣುವಂತೆ ಕಟ್ಟೆಯ ಮುಂದೆ ನಿಲ್ಲಿಸಿದ್ದಾನೆ. ನಾನು ಮತ್ತೆ ನಾಮಪತ್ರ ಹಾಕಿದ್ದೇನೆ. ಈ ಸಲ ನಾನೂ ಬುರಾನುದ್ದೀನನೂ ನಮ್ಮ ತೊಗರಿಯನ್ನು ಬಡಿಗೆಯಿಂದಲೇ ಬಡಿದು ಚೀಲ ತುಂಬಿಸಿದ್ದೇವೆ. ರಟ್ಟೆ ಬಾತಿವೆ, ಈ ಪತ್ರದ ಅಕ್ಷರ ಸೊಟ್ಟಗಿರುವುದು ಅದಕ್ಕೇ. ನನ್ನನ್ನು ಹೆದರಿಸಲು ನನ್ನ ಹೊಲದಲ್ಲಿ ಈಗ ಏನೂ ಉಳಿದಿಲ್ಲ. ಆದರೆ ಸುಂದರಬಾಯಿಯ ಬಣವೆ ಇನ್ನೂ ಹಾಗೇ ನಿಂತಿದೆ. ಮೋಡ ಬಂದರೆ ಅವಳು ಬರುತ್ತಾಳೆ, ಅದೇ ಮಾತು ಕೇಳುತ್ತಾಳೆ. ಅವಳನ್ನು ಬೈಯಲು ನನಗೆ ಬಾಯಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಹಿಂತೆಗೆತದ ದಿನಕ್ಕೆ ಮೊದಲು ಸರ್ಕಾರದ ಮಷಿನ್ ಒಂದನ್ನು ನಮ್ಮೂರಿಗೆ ಕಳಿಸಿ. ಒಬ್ಬನೇ ಅಭ್ಯರ್ಥಿ ಉಳಿದರೂ ಮತಪೆಟ್ಟಿಗೆ ತನ್ನಿ, ಬೇಡ ಎನ್ನುವವರು ಬೇಡ ಎಂದು ಒತ್ತಲಿ. ಎರಡೂ ಆಗದಿದ್ದರೆ ಆ ದಿನ ಕಚೇರಿಯಲ್ಲಿ ಚಹಾ ತರಿಸಬೇಡಿ, ಸುಂದರಬಾಯಿಯ ಹೊಲಕ್ಕೆ ಬನ್ನಿ. ಅವಳ ಬಣವೆಯ ಪಕ್ಕ ನಿಂತು, ಮೋಡ ನೋಡುತ್ತ, ಮೊನ್ನೆಯ ಭಾಷಣವನ್ನೇ ಇನ್ನೊಮ್ಮೆ ಮಾಡಿ. ನಾನು ಅಲ್ಲೇ ಇರುತ್ತೇನೆ.

ಇಂತಿ,
ತಮ್ಮ ಮಾದರಿ ವಾರ್ಡಿನಲ್ಲಿ ಒಂದೂ ಮತ ಎಣಿಸದೆ ಒಮ್ಮತದಿಂದ ಸೋತ
ಅಖ್ತರಬೇಗಂ