ರಾತ್ರಿ ಊಟದ ನಂತರದ ಗುಳಿಗೆ

ಶರಣಬಸವ,

ಶ್ರಾವಣಕ್ಕೆ ರಾತ್ರಿ ಊಟ ಬಿಡು ಎಂದೆ, ಗುಳಿಗೆ ಬಿಡು ಎಂದೆನೇನೋ ಕತ್ತೆ? ಬೆಳಿಗ್ಗೆ ಕೇಳಿದರೆ, “ಕವರ್ ಮ್ಯಾಲ ರಾತ್ರಿ ಊಟ ಆದ ಮ್ಯಾಲ ಅಂತ ಬರದಾರ. ಊಟಾನೇ ಇಲ್ಲಂದ್ರ ಗುಳಿಗಿ ಹ್ಯಾಂಗ ತಗೋಬೇಕಕ್ಕಾ?” ಎಂದು ನನ್ನ ಮೇಲೇ ಎಗರಿ, ಬಾಗಿಲು ದಬ್ಬಿ ಹೋದವನು ಇನ್ನೂ ಬಂದಿಲ್ಲ. ನನಗೆ ಕೆಲಸಕ್ಕೆ ಹೊತ್ತಾಯಿತು.

ನಿನ್ನ ಕಿವಿಯೊಳಗಿನ ಮಾತು ನಿಲ್ಲಿಸಿದ ಗುಳಿಗೆ ಅದು. ಕಾಯಿನ್ ಫೋನಿನಿಂದ ಡಾಕ್ಟರಮ್ಮನನ್ನು ಕೇಳಿದೆ. ಹತ್ತು ದಿನದ ಈ ವಾಂತಿ, ಬೆವರು, ನಿದ್ದೆಗೇಡು, ಚಡಪಡಿಕೆ ಎಲ್ಲ ಅದನ್ನು ಒಮ್ಮೆಲೇ ನಿಲ್ಲಿಸಿದ್ದರಿಂದ ಆಗಿರಬಹುದಂತೆ. ಜೋಳದ ಹಿಟ್ಟು ಕೆಟ್ಟಿದೆ ಎಂದು ನಾನು ಸುಮ್ಮನೆ ಗಿರಣಿಯವನನ್ನು ಬೈದು ಬಂದೆ. “ನನಗ ಮತ್ತ ಹುಚ್ಚ ಹಿಡೀತು” ಎಂದು ನಿನ್ನೆ ಅಳುತ್ತಿದ್ದೆಯಲ್ಲ, ಅದನ್ನು ಡಾಕ್ಟರಮ್ಮ ನೋಡಿ ಹೇಳಲಿ. ನೀನೇ ಡಾಕ್ಟರಾಗಬೇಡ.

ಬಿಟ್ಟ ಗುಳಿಗೆಗಳನ್ನೆಲ್ಲ ಒಟ್ಟಿಗೆ ನುಂಗಿಬಿಡಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಎಷ್ಟು, ಯಾವಾಗ ಎಂದು ಅವರೇ ಹೇಳುತ್ತಾರೆ. ಮಜ್ಜಿಗೆ ಮುಚ್ಚಿಟ್ಟಿದ್ದೇನೆ, ಕುಡಿ. ಮೂರು ಗಂಟೆಗೆ ಬರುತ್ತೇನೆ, ಟಿನ್ ಫ್ಯಾಕ್ಟರಿ ಸ್ಟಾಪಿಗೆ ಹೋಗಿ ಆಸ್ಪತ್ರೆಯ ಬಸ್ಸು ಹಿಡಿಯೋಣ. ಅಷ್ಟರಲ್ಲಿ ಗಡ್ಡ ಬೋಳಿಸಿಕೊಂಡಿರು. ಶ್ರಾವಣವೆಂದು ನೀನು ಬಿಟ್ಟಿರುವ ಆ ಗಡ್ಡ ನೋಡಿದರೆ ಡಾಕ್ಟರಮ್ಮ ತಾನೇ ಒಂದು ಗುಳಿಗೆ ನುಂಗಿಯಾಳು.

ಇವತ್ತಿನಿಂದ ನೀನು ರಾತ್ರಿ ಊಟ ಮಾಡಲೇಬೇಕು. ನಿನ್ನ ಪಾಲಿನ ಒಪ್ಪತ್ತನ್ನೂ ನಾನೇ ಮಾಡುತ್ತೇನೆ. ಶಿವ ಕೇಳಿದರೆ ನನ್ನ ಹತ್ತಿರ ಕಳಿಸು.

ನಿನ್ನ ಅಕ್ಕ,
ಸಾಬಮ್ಮ