ಜೈರೋ ಇಳಿಸಿದ ಮೇಲೆ

ಮಂಗಳವಾರ, ಸಂಜೆ ಐದೂವರೆ

ಪ್ರೀತಿಯ ಸ್ಕ್ರೂಡ್ರೈವರ್ ಸಾಹೇಬರಿಗೆ, ನಿಮ್ಮ ಹೆಂಡತಿಯ ನಮಸ್ಕಾರ.

ಕೋಳಿ ಕೆದರಿದಂಥ ಈ ಅಕ್ಷರ ನೋಡಿ ಗಾಬರಿಯಾಗಬೇಡಿ. ಬಲಗೈಯಲ್ಲೇ ಬರೆಯುತ್ತಿದ್ದೇನೆ. ಸಾಲು ಮುಂದೆ ಹೋದಂತೆಲ್ಲ ಕೆಳಗೆ ಜಾರುತ್ತದೆ, ಜಾರಲಿ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀವು "ಆಯ್ತು ಬಿಡೇ" ಎಂದು ಮುಗಿಸಿಬಿಡುತ್ತೀರಿ. ಕಾಗದವನ್ನಾದರೆ ಕೊನೆಯವರೆಗೆ ಓದಲೇಬೇಕು.

ನೀವು ನಿಮ್ಮ ಅಕ್ಕನ ಮನೆಗೆ ಹೋಗಿ ಇವತ್ತಿಗೆ ಏಳು ವಾರ. ಹೋಗಿ ಎಂದವಳು ನಾನೇ, ಇಲ್ಲವೆನ್ನುವುದಿಲ್ಲ. ಅಲ್ಲಿಂದಲೇ ಕೆಲಸಕ್ಕೆ ಹೋಗುತ್ತೀರಂತೆ, ಊರಿನ ಲಿಫ್ಟುಗಳೆಲ್ಲ ಒಟ್ಟಿಗೇ ಕೆಟ್ಟು ನಿಂತಿವೆಯಂತೆ. ಬೇಕರಿ ಅಕ್ಕ ಹೇಳಿದರು. ನಿಮ್ಮ ಸುದ್ದಿ ನನಗೆ ತರುವುದು ಅವರ ಕೆಲಸ, ನನ್ನ ಸುದ್ದಿ ನಿಮಗೆ ಒಯ್ಯುವುದು ಡ್ರಾಯಿಂಗ್ ಮೇಷ್ಟ್ರ ಕೆಲಸ. ರಿಮೋಟಿನ ಪುಟ್ಟ ಗಾಡಿಗಳನ್ನು ತಿರುವಿನಲ್ಲಿ ಜಾರಿಸಿ ಓಡಿಸುವ ನಮ್ಮ ಡ್ರಿಫ್ಟ್ ಗುಂಪಿನಲ್ಲಿ ಇರುವುದೇ ನಾಲ್ಕು ಜನ, ಅದರಲ್ಲಿ ಇಬ್ಬರಿಗೆ ಈಗ ಅಂಚೆಯ ಕೆಲಸ.

ನೀವು ಹೊರಡುವ ಮುಂಚಿನ ಆ ಭಾನುವಾರ, ಜಗಳದಲ್ಲಿ, ನಾನು ಕೋಪದಲ್ಲಿ ಅರ್ಧ ಮಾತು ನುಂಗಿಕೊಂಡೆ. ಉಳಿದರ್ಧ ಇಲ್ಲಿದೆ.

ಕನ್ನಡಕದ ಅಂಗಡಿಯಲ್ಲಿ ಹದಿನಾರು ವರ್ಷ ಎಳ್ಳುಕಾಳಿನಷ್ಟು ಸ್ಕ್ರೂ ಕೂರಿಸಿದ ಕೈ ನನ್ನದು. ನನ್ನ ಗಾಡಿಯ ಒಂದೊಂದು ಸ್ಕ್ರೂವನ್ನೂ ನಾನೇ ಬಿಗಿಮಾಡುತ್ತಿದ್ದೆ. ಪಾರ್ಶ್ವವಾಯು ಹೊಡೆದ ಮೇಲೆ ಆ ಬಲಗೈ ಬೇರೆ ಯಾರದೋ ಆಯಿತು. ನೀವು ಅನ್ನ ಕಲಸಿಕೊಟ್ಟಿರಿ, ಗುಂಡಿ ಹಾಕಿದಿರಿ, ಲಿಫ್ಟಿನ ಕೇಬಲ್ ಹೆಣೆದ ಹಾಗೆ ಬಿಗಿಯಾಗಿ ದಿನಾ ಜಡೆ ಹೆಣೆದಿರಿ. ಅದಕ್ಕೆಲ್ಲ ನಾನು ಎಂದೂ ಬೇಡವೆನ್ನಲಿಲ್ಲ. ನನ್ನೆದುರಿಗೆ ಮಾಡಿದ್ದು ಅದು, ಕಣ್ಣಿಗೆ ಕಾಣುತ್ತಿತ್ತು.

ಐದು ತಿಂಗಳ ಮೇಲೆ ಹಳೆಯ ಪ್ರೆಸ್ಸಿನ ಹಾಲ್‌ಗೆ ಕರೆದುಕೊಂಡು ಹೋಗಿ ನನ್ನ ಕೈಗೆ ರಿಮೋಟ್ ಕೊಟ್ಟಿರಿ. ಗಾಡಿ ಸಿಮೆಂಟು ನೆಲದ ಮೇಲೆ ಬಾಲ ಬೀಸಿಕೊಂಡು, ನೀರಿನ ಪೈಪು ಹಾಸಿ ಮಾಡಿದ ಟ್ರ್ಯಾಕಿನಲ್ಲಿ ಒಂದೂ ಸಲ ಗಿರಕಿ ಹೊಡೆಯದೆ ಸುತ್ತು ಮುಗಿಸಿತು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ನಾನು ಅತ್ತೆ. ಮರುದಿನವೇ ಅಂಗಡಿಯ ಮಾಲೀಕರಿಗೆ ಫೋನ್ ಮಾಡಿ, ಕೈ ಸರಿಹೋಯಿತು, ಕೆಲಸಕ್ಕೆ ಬರುತ್ತೇನೆ ಎಂದೆ. ಡಾಕ್ಟರ ಹತ್ತಿರವೂ ಕೊಚ್ಚಿಕೊಂಡೆ.

ಆಮೇಲೆ ಬೇಕರಿ ಅಕ್ಕ ಒಂದು ಸುತ್ತಿಗೆಂದು ನನ್ನ ಗಾಡಿ ತೆಗೆದುಕೊಂಡರು. "ಅಯ್ಯೋ, ನಿಮ್ಮ ಗಾಡಿ ತಾನೇ ಓಡತ್ತಲ್ರೀ, ನಾನು ಸುಮ್ನೆ ಹಿಡ್ಕೊಂಡು ನಿಂತಿದ್ದೆ ಅಷ್ಟೆ" ಎಂದರು. ಪಾಪ, ಹೊಗಳಿದ್ದೆಂದುಕೊಂಡಿದ್ದರು. ನಾನು ರಿಮೋಟ್ ಇಸಿದುಕೊಂಡು ಸ್ಟಿಯರಿಂಗನ್ನು ಒಂದೇ ಕಡೆ ಒತ್ತಿ ಹಿಡಿದೆ. ಉಳಿದದ್ದನ್ನೆಲ್ಲ ಗಾಡಿಯೇ ನೋಡಿಕೊಂಡಿತು. ಜೈರೋ ಪೂರ್ತಿ ಏರಿಸಿಟ್ಟಿದ್ದಿರಿ. ಗಾಡಿಯ ಹಿಂಭಾಗ ಜಾರಿದಾಗ ಮುಂದಿನ ಚಕ್ರವನ್ನು ಎದುರು ದಿಕ್ಕಿಗೆ ತಿರುಗಿಸಿ ಬುಗುರಿಯಾಗದಂತೆ ತಡೆಯುವ ಪುಟ್ಟ ಪೆಟ್ಟಿಗೆ ಅದು, ಇಳಿಸಿದರೆ ಕೈಗೆ ಕೆಲಸ, ಏರಿಸಿದರೆ ಕೈಗೆ ರಜೆ ಎಂದು ನನಗೆ ಹೇಳಿಕೊಟ್ಟವರು ನೀವೇ.

ಕೇಳಿದ್ದಕ್ಕೆ, "ನೀನು ನಕ್ಕು ಐದು ತಿಂಗಳಾಗಿತ್ತು ಕಣೇ, ಅದಕ್ಕೇ" ಎಂದಿರಿ. ಆ ಮಾತು ಈಗ ಅರ್ಥವಾಗುತ್ತದೆ. ಆವತ್ತು ನನಗೆ ಕೇಳಿಸಿದ್ದು ಒಂದೇ: ಕೈ ಸರಿಹೋಗಿಲ್ಲ, ಎಲ್ಲರಿಗೂ ಗೊತ್ತು, ನನಗೊಬ್ಬಳಿಗೇ ಗೊತ್ತಿಲ್ಲ. ಅಕ್ಕನ ಮನೆಗೆ ಹೋಗಿ ಎಂದುಬಿಟ್ಟೆ.

ನೀವು ಹೋದ ಮರುದಿನ, ನೀವು ಅಂಟಿಸಿದ್ದು ಯಾವುದೂ ನನ್ನ ಗಾಡಿಯಲ್ಲಿ ಇರಬಾರದೆಂದು ಆ ಜೈರೋವನ್ನು ಕಿತ್ತು, ಬೇರೆ ಟೇಪು ಹಾಕಿ ನಾನೇ ಅಂಟಿಸಿದೆ. ಅರ್ಧಕ್ಕೆ ಇಳಿಸಿ ನೆಲಕ್ಕೆ ಬಿಟ್ಟೆ. ಗಾಡಿ ತನ್ನ ಬಾಲ ತಾನೇ ಹಿಡಿಯಲು ಹೊರಟ ನಾಯಿಯ ಹಾಗೆ ಗಿರಗಿರನೆ ಸುತ್ತಿತು. ಮೂರು ಸಂಜೆ ಅದೇ ಪಾಡು. ಮೂರನೆಯ ಸಂಜೆ ಕೈಯನ್ನು ಗೋಡೆಗೆ ಬಡಿದೆ. ಮೇಷ್ಟ್ರು ನೆಲಕ್ಕೆ ಕೂತು, ಗಾಡಿಯ ಹಿಂಭಾಗವನ್ನು ಬೆರಳಿನಿಂದ ಅತ್ತಿತ್ತ ನೂಕಿ ನೋಡಿ, "ಅಮ್ಮಾ, ಜೈರೋ ತಲೆಕೆಳಗಾಗಿ ಅಂಟಿಸಿದೀರಲ್ಲ" ಎಂದರು. ತಡೆಯಬೇಕಾದ ಪೆಟ್ಟಿಗೆಯೇ ಬೀಳಿಸುತ್ತಿತ್ತು. ನನ್ನ ಕೈ ಏರಿಗೆ ಎಳೆದರೆ ಅದು ನೀರಿಗೆ ಎಳೆಯುತ್ತಿತ್ತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅವಳಿಗಿಂತ ದಡ್ಡಿ, ನೆಲ ನಿಜವಾಗಿಯೂ ಡೊಂಕಾಗಿದ್ದಾಗ ಕೈಯನ್ನು ಬೈದುಕೊಂಡು ಕೂತಿದ್ದೆ. ಅಲ್ಲಿಯೇ ನಕ್ಕುಬಿಟ್ಟೆ. ಏರಿಸಿದ ಜೈರೋ ಇಲ್ಲದೆ ಬಂದ ನಗು, ದಯವಿಟ್ಟು ಗಮನಿಸಿ.

ಅಂದಿನಿಂದ ಅಂಗಡಿ ಮುಗಿಸಿ ದಿನಾ ಒಂದು ಗಂಟೆ ಅಭ್ಯಾಸ. ಹೌದು, ಅಂಗಡಿಗೂ ಹೋಗುತ್ತಿದ್ದೇನೆ. ಮಾಲೀಕರಿಗೆ ನಿಜ ಹೇಳಿದೆ. ಸದ್ಯಕ್ಕೆ ಲೆನ್ಸ್ ಒರೆಸುವ ಕೆಲಸ, ದಿನಕ್ಕೊಂದೆರಡು ಸ್ಕ್ರೂ. ಮುಂದಿನ ಚಕ್ರದ ವಾಲು ಸ್ವಲ್ಪ ತಗ್ಗಿಸಿದೆ, ಹಿಂದಿನ ಸ್ಪ್ರಿಂಗ್ ಮೆತ್ತಗಿನದು ಹಾಕಿದೆ, ಒಂದು ಸ್ಕ್ರೂವಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಜೈರೋ ಈಗ ಕಾಲುಭಾಗಕ್ಕಿಂತ ಸ್ವಲ್ಪ ಮೇಲಿದೆ. ಹತ್ತು ಸುತ್ತಿಗೆ ಮೂರು ಸಲ ಬೀಳುತ್ತೇನೆ. ಏಳು ಸುತ್ತು ನನ್ನವು.

ಈಗ ವಿಷಯಕ್ಕೆ ಬರುತ್ತೇನೆ. ಭಾನುವಾರ ನಾಲ್ಕು ಗಂಟೆಗೆ ಹಾಲ್‌ಗೆ ಬನ್ನಿ. ಜೋಡಿ ಓಟ. ನಿಮ್ಮ ಗಾಡಿ ಮುಂದೆ, ನನ್ನದು ಹಿಂದೆ, ಮಧ್ಯೆ ಗೇಣಗಲ ಜಾಗ. ನೀವು ಜಾರಿದ ಹಾಗೆಯೇ ನಾನು ಜಾರಬೇಕು, ಮುಟ್ಟಬಾರದು. ನನಗಾಗಿ ವೇಗ ಇಳಿಸಬಾರದು. ತಿರುವಿನಲ್ಲಿ ಚೂರೇ ಚೂರು ಕಾದರೂ ಗೊತ್ತಾಗುತ್ತದೆ, ಹನ್ನೊಂದು ವರ್ಷ ನಿಮ್ಮ ಗಾಡಿಯ ಹಿಂಭಾಗ ನೋಡಿಕೊಂಡೇ ಓಡಿಸಿದವಳು ನಾನು. ಕಾದಿರೋ, ಬಂದ ಬಸ್ಸಿನಲ್ಲೇ ವಾಪಸ್ ಹೋಗಿ. ಕಾಯದಿದ್ದರೆ, ನಾನು ಗೋಡೆಗೆ ಬಡಿದು ಚೂರಾದರೂ ಪರವಾಗಿಲ್ಲ, ನಿಮ್ಮ ಬ್ಯಾಗು ಎತ್ತಿಕೊಂಡು ಮನೆಗೆ ಬನ್ನಿ.

ನೀವಿಲ್ಲದೆ ಮನೆ ಬಿಕೋ ಎನ್ನುತ್ತಿದೆ. ಇದನ್ನು ಬರೆಯಬಾರದೆಂದುಕೊಂಡಿದ್ದೆ, ಕೈ ಬರೆದುಬಿಟ್ಟಿತು. ಇನ್ನು ಮುಂದೆ ನನಗೆ ಸಹಾಯ ಮಾಡುವುದಿದ್ದರೆ ನನ್ನ ಕಣ್ಣೆದುರು ಮಾಡಿ, ಹೇಳಿ ಮಾಡಿ. ಬೇಡವೆಂದರೆ ಬಿಡಿ. ಅಷ್ಟೇ ಷರತ್ತು.

ಇಂತಿ,
ಏಳು ಸುತ್ತಿನ ನಿಮ್ಮ ಹಟಮಾರಿ

ತಾ.ಕ.: ಗುಟ್ಟು ಬೇಡವೆಂದ ಮೇಲೆ ನನ್ನದೂ ಒಂದು ಹೇಳಬೇಕು. ನಾಲ್ಕನೆಯ ತಿಂಗಳಿನಿಂದಲೇ ನನಗೆ ಜಡೆ ಹೆಣೆದುಕೊಳ್ಳಲು ಬರುತ್ತಿತ್ತು. ಸೊಟ್ಟಗೆ, ಆದರೂ ಬರುತ್ತಿತ್ತು. ನೀವು ಕೆಲಸಕ್ಕೆ ಹೋದ ಮೇಲೆ ಬಿಚ್ಚಿ, ಹೆಣೆದು, ಮತ್ತೆ ಬಿಚ್ಚಿಡುತ್ತಿದ್ದೆ. ಬೆಳಿಗ್ಗೆ ಏನೂ ಅರಿಯದವಳ ಹಾಗೆ ಬಾಚಣಿಗೆಯನ್ನು ನಿಮ್ಮ ಕೈಗೇ ಕೊಡುತ್ತಿದ್ದೆ. ಭಾನುವಾರ ಜಡೆ ನಾನೇ ಹಾಕಿಕೊಂಡು ಬರುತ್ತೇನೆ. ಸೋಮವಾರ ಬೆಳಿಗ್ಗೆ ಬಾಚಣಿಗೆ ಕನ್ನಡಿಯ ಮುಂದೆ ಇರುತ್ತದೆ, ಜಡೆ ಹೆಣೆಯುವ ಆಸೆಯಿದ್ದರೆ ಕೇಳಿ ಎತ್ತಿಕೊಳ್ಳಿ.